ಗುಡಿಯಿಲ್ಲದ ಪ್ರದಕ್ಷಿಣೆ

ನನ್ನ ಅತ್ತೆಯ ಊರಿನಲ್ಲಿ ಇಲ್ಲದ ಗುಡಿಗೆ ಪ್ರದಕ್ಷಿಣೆ ಹಾಕುತ್ತಾರೆ. ಹೀಗೆಂದರೆ ಯಾರಾದರೂ ನಗುತ್ತಾರೆ. ಮದುವೆಯಾದ ಹೊಸದರಲ್ಲಿ ನಾನೂ ನಕ್ಕಿದ್ದೆ. ನಾಗಮಂಗಲದ ಕಡೆಯ ಆ ಊರಿನ ಹೊರಗೆ ಗುಡಿಹೊಲ ಎಂಬ ಬಯಲಿದೆ. ಅದನ್ನು ಯಾರೂ ಉಳುವುದಿಲ್ಲ, ಬಿತ್ತುವುದಿಲ್ಲ. ಅಲ್ಲಿ ಒಂದು ಕಂಬವಿಲ್ಲ, ಒಂದು ಮೆಟ್ಟಿಲಿಲ್ಲ. ಆದರೂ ಊರಿಗೆ ಬರುವ ಪ್ರತಿಯೊಬ್ಬ ಹೊಸ ಸೊಸೆ ಗಂಡನ ಮನೆಯ ಹೊಸ್ತಿಲು ದಾಟುವ ಮೊದಲು ಆ ಬಯಲಿಗೆ ಹೋಗಿ ಬರಬೇಕು. ಬಯಲಿನ ಪೂರ್ವದ ಅಂಚಿನ ಹುಣಸೆಮರದಿಂದ ಹೊರಟು, ಮುಂದೆ ಊರಿನ ಹಿರಿಯ ಹೆಂಗಸೊಬ್ಬಳು ಸೋಬಾನೆ ಹಾಡುತ್ತಾ ನಡೆಯುತ್ತಾಳೆ, ಹಿಂದೆ ಮದುಮಗಳು. ಹಾಡಿನ ಒಂದು ನುಡಿ ಮುಗಿದಲ್ಲಿ ಬಲಕ್ಕೆ ತಿರುಗಬೇಕು, ಮುಂದಿನ ನುಡಿ ಮುಗಿದಲ್ಲಿ ಮತ್ತೆ ಬಲಕ್ಕೆ. ಹಾಡೇ ಅವರ ಅಳತೆಯ ಹಗ್ಗ.

ಅಲ್ಲಿರುವುದು ಹೊಲದಮ್ಮ ಎಂದು ಊರೆಲ್ಲ ನಂಬಿತ್ತು. ಒಂದು ಕಾಲಕ್ಕೆ ಗುಡಿ ಇದ್ದದ್ದಂತೂ ಸುಳ್ಳಲ್ಲ, ಏಕೆಂದರೆ ಅದರ ಕಲ್ಲುಗಳು ಊರ ತುಂಬ ಚದುರಿದ್ದವು. ಕೆರೆಯ ತೂಬಿನ ಬಳಿ ನುಣ್ಣಗೆ ಕಡೆದ ಕಂಬದ ತುಂಡೊಂದು ಅಡ್ಡ ಬಿದ್ದಿತ್ತು. ನಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿದರೆ ಅಡಿಯಲ್ಲಿ ಆನೆಗಳ ಸಾಲು! ಹೊಯ್ಸಳರ ಕಾಲದ್ದಿರಬೇಕು ಎಂದು ಶಾಲೆಯ ಮೇಷ್ಟ್ರೊಬ್ಬರು ಹೇಳಿದ್ದರಂತೆ. ಗುಡಿ ಯಾವಾಗ ಬಿತ್ತು ಎಂಬುದು ಯಾರಿಗೂ ಗೊತ್ತಿಲ್ಲ. ಕೆರೆ ಒಡೆದಾಗ ಏರಿ ಕಟ್ಟಲು ಕಲ್ಲು ಬೇಕಾಗಿ ಜನ ಹೊತ್ತುಕೊಂಡು ಹೋದರು ಎಂಬುದು ಅತ್ತೆಯ ಅಂದಾಜು. ಅದು ಯಾವ ಕಾಲದಲ್ಲಿ ಎಂದರೆ, "ನಮ್ಮತ್ತೆಯ ಅತ್ತೆ ಹುಟ್ಟೋಕ್ ಮುಂಚೆ" ಎನ್ನುತ್ತಿದ್ದರು. ಅಲ್ಲಿಗೆ ಊರಿನ ಇತಿಹಾಸ ಮುಗಿಯುತ್ತಿತ್ತು.

ಇದನ್ನೆಲ್ಲ ನಾನು ಕಿವಿಗೊಟ್ಟು ಕೇಳಿದ್ದು ಊರಿನಲ್ಲಲ್ಲ, ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ. ನನಗೆ ಮಗಳು ಹುಟ್ಟಿದಾಗ ಅತ್ತೆ ಬಾಣಂತನಕ್ಕೆಂದು ಬಂದಿದ್ದರು. ಡಾಟ್‌ಕಾಮ್ ಹುಚ್ಚು ನೆತ್ತಿಗೇರಿದ್ದ ಕಾಲ ಅದು. ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತವರೂ ಷೇರಿನ ಮಾತಾಡುತ್ತಿದ್ದರು. ನಾನು ಮೆನ್ಲೋ ಪಾರ್ಕಿನ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಮಾರಾಟಕ್ಕಿರುವ ಮನೆಗಳ ನಕ್ಷೆಯನ್ನು ವೆಬ್‌ಸೈಟಿಗೆ ಹಾಕಿ, ಕೂತಲ್ಲೇ ಜನರು ಮನೆಯೊಳಗೆ ಓಡಾಡುವ ಹಾಗೆ ಮಾಡುವುದು ನಮ್ಮ ಕೆಲಸ. ಪ್ರಪಂಚವನ್ನೇ ಬದಲಾಯಿಸುತ್ತಿದ್ದೇವೆ ಎಂದು ನಾವೆಲ್ಲ ಮನಸಾರೆ ನಂಬಿದ್ದೆವು. ಈಗ ನಗು ಬರುತ್ತದೆ, ಆದರೆ ಆ ಉತ್ಸಾಹ ಸುಳ್ಳಾಗಿರಲಿಲ್ಲ. ಬೆಳಗ್ಗೆ ಕಾರು ಹತ್ತುವಾಗ ನಿಜವಾಗಲೂ ಮೈ ಜುಮ್ಮೆನ್ನುತ್ತಿತ್ತು.

ಮಗಳಿಗೆ ನಾಲ್ಕು ತಿಂಗಳು ತುಂಬಿ ನಾನು ಕೆಲಸಕ್ಕೆ ಮರಳಿದ್ದೆ. ಒಂದು ಶನಿವಾರ ಊರಿನಿಂದ ಭಾವನ, ಅಂದರೆ ನನ್ನ ಗಂಡನ ಅಣ್ಣನ, ಫೋನು ಬಂತು. ಗುಡಿಹೊಲದಲ್ಲಿ ಸಮುದಾಯ ಭವನ ಕಟ್ಟಲು ಪಂಚಾಯಿತಿಯಲ್ಲಿ ತೀರ್ಮಾನವಾಗಿತ್ತು. ಸದ್ಯದಲ್ಲೇ ಪಾಯ ಅಗೆಯುತ್ತಾರಂತೆ. ಅತ್ತೆ ಫೋನಿಟ್ಟವರೇ ಸೋಫಾದ ಮೇಲೆ ಕೂತರು. ಒಗ್ಗರಣೆ ಸೀದ ವಾಸನೆ ಬಂದರೂ ಏಳಲಿಲ್ಲ. ಅವರು ಸೀಯಲು ಬಿಡುವವರೇ ಅಲ್ಲ.

"ಬಿಡಿ ಅತ್ತೆ, ಭವನದ ಸುತ್ತಾನೇ ಪ್ರದಕ್ಷಿಣೆ ಹಾಕಿದ್ರಾಯ್ತಪ್ಪ" ಎಂದೆ ನಾನು, ಸಮಾಧಾನಕ್ಕೆ.

"ನಿಮ್ ಚಿಕ್ಕತ್ತೇನೂ ಹಂಗೇ ಅಂದಳಂತೆ" ಎಂದರು ಅತ್ತೆ. ಅವರ ಮುಖ ಕೆಂಪಾಗಿತ್ತು.

ಚಿಕ್ಕತ್ತೆ ಎಂದರೆ ಅತ್ತೆಯ ವಾರಗಿತ್ತಿ, ನನ್ನ ಮಾವನ ತಮ್ಮನ ಹೆಂಡತಿ. ಇಬ್ಬರದೂ ಅಕ್ಕಪಕ್ಕದ ಮನೆ. ಅವರಿಬ್ಬರಿಗೂ ಮಾತು ನಿಂತು ಹೋದ ಕಥೆ ಅವತ್ತೇ ನನಗೆ ಗೊತ್ತಾದದ್ದು. ಊರಿನಲ್ಲಿ ಮದುಮಗಳನ್ನು ಕರೆದೊಯ್ಯುತ್ತಿದ್ದುದು ಅತ್ತೆಯೇ. ಅವರು ಮೂರು ಕಡೆ ಸುತ್ತಿ, ನಾಲ್ಕನೆಯ ಕಡೆ ಸ್ವಲ್ಪವೇ ಹೋಗಿ, ಅಲ್ಲಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತಿದ್ದರು. ಅವರ ಅತ್ತೆ ಅವರಿಗೆ ತೋರಿಸಿದ್ದು ಹಾಗೆ. ಬಹಳ ಹಿಂದೆ ಮದುಮಗಳೊಬ್ಬಳಿಗೆ ಅಲ್ಲಿ ಹಾವು ಅಡ್ಡ ಬಂದಿತ್ತು, ಅದಕ್ಕೇ ತಿರುಗುವುದು ಎಂದು ಕಾರಣವನ್ನೂ ಹೇಳುತ್ತಿದ್ದರು. ಚಿಕ್ಕತ್ತೆಯ ಸೊಸೆಗೂ ಹಾಗೆಯೇ ಮಾಡಿಸಿದ್ದರು. ಆ ಹುಡುಗಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಎರಡನೆಯ ಸಲ ಚಿಕ್ಕತ್ತೆ ಬೀದಿಯಲ್ಲಿ ನಿಂತು, "ಅರ್ಧಕ್ಕೇ ತಿರುಗಿಸಿ ನನ್ನ ಸೊಸೆಯ ಬಸಿರನ್ನೂ ಅರ್ಧಕ್ಕೇ ಕಳೆದೆ ನೀನು" ಎಂದು ಅತ್ತೆಗೆ ಶಾಪ ಹಾಕಿದ್ದರು. ಅತ್ತೆ ಇಲ್ಲಿಗೆ ಬಂದ ಮೇಲೆ ಚಿಕ್ಕತ್ತೆಯೇ ಮದುಮಗಳನ್ನು ಕರೆದೊಯ್ಯುತ್ತಿದ್ದರು, ಪೂರ್ತಿ ಸುತ್ತು.

"ನಮ್ಮತ್ತೆ ನಂಗೆ ತೋರ್ಸಿದ್ದು ಒಂದೇ ಸಲ ಕಣವ್ವ. ನಾನೇನಾರ ತಪ್ಪು ತಿಳ್ಕೊಂಡಿದ್ರೆ? ಎಷ್ಟು ಹೆಣ್ಮಕ್ಕಳ್ನ ಕರ್ಕೊಂಡ್ ಹೋಗಿವ್ನಿ" ಎಂದರು.

ಪಾಯ ಬಿದ್ದ ಮೇಲೆ ಇದು ಯಾವತ್ತಿಗೂ ತೀರ್ಮಾನವಾಗುವ ಮಾತಲ್ಲ. ನನಗೆ ಒಮ್ಮೆಲೇ ತಲೆಗೆ ಹೊಳೆಯಿತು. ಪ್ರದಕ್ಷಿಣೆ ಎಂದರೆ ಗೋಡೆಯ ಸುತ್ತ ಹಾಕುವುದು ತಾನೆ? ಗೋಡೆ ಹೋಗಿದೆ, ಸುತ್ತು ಉಳಿದಿದೆ. ಆ ಸುತ್ತನ್ನು ಬರೆದುಕೊಂಡರೆ ಗುಡಿ ಎಲ್ಲಿತ್ತು ಎಂಬುದು ಸಿಕ್ಕೇ ಸಿಗಬೇಕು! ನಾನು ಎದ್ದು ಕುಣಿದಾಡಿದೆ. ಮಗುವನ್ನು ಗಂಡನ ತೋಳಿಗೆ ಹಾಕಿ, ರಂಗೋಲಿ ಪುಡಿಯ ಡಬ್ಬಿ ಹಿಡಿದು, ಅತ್ತೆಯನ್ನು ಪಾರ್ಕಿಂಗ್ ಲಾಟಿಗೆ ಎಳೆದುಕೊಂಡು ಹೋದೆ.

"ಅತ್ತೆ, ನೀವು ಹಾಡಿ. ನಾನು ಮದುಮಗಳು."

"ಪ್ಯಾಂಟು ಹಾಕ್ಕೊಂಡ್ ಮದುಮಗಳೇ?"

"ಹೂಂ, ಇವತ್ತಿಗೆ ಅಡ್ಜಸ್ಟ್ ಮಾಡ್ಕೊಳ್ಳಿ."

ನಮ್ಮದು ಮೈಸೂರಿನ ಛತ್ರದಲ್ಲಿ ಆದ ಮದುವೆ, ಈ ಶಾಸ್ತ್ರ ನನಗೆ ಆಗಿರಲೇ ಇಲ್ಲ. ಅತ್ತೆ ಸೂರ್ಯನನ್ನು ನೋಡಿ ದಿಕ್ಕು ಗೊತ್ತು ಮಾಡಿಕೊಂಡರು. ಸೆರಗು ಸಿಕ್ಕಿಸಿ ಮೊದಲು ಸಣ್ಣ ದನಿಯಲ್ಲಿ, ಆಮೇಲೆ ಗಂಟಲು ಬಿಟ್ಟು ಹಾಡತೊಡಗಿದರು. ನಿಂತ ಕಾರುಗಳ ನಡುವೆ ನಾವಿಬ್ಬರೂ ಹೊರಟೆವು. ಪೂರ್ವದಿಂದ ಶುರು, ದಕ್ಷಿಣದ ಬದಿಗೆ ಉದ್ದದ ನುಡಿ, ಹಿಂಬದಿಗೆ ಗಿಡ್ಡ ನುಡಿ. ಉತ್ತರದ ಬದಿಗೆ ತಿರುಗಿ ಅರ್ಧ ಸಾಲು ಹಾಡುವಷ್ಟರಲ್ಲಿ ಅತ್ತೆ ಗಕ್ಕನೆ ನಿಂತರು. ನಾನು ಹೋಗಿ ಅವರ ಬೆನ್ನಿಗೆ ಡಿಕ್ಕಿ ಹೊಡೆದೆ. ಅವರು ನನ್ನ ಭುಜ ಹಿಡಿದು ತಿರುಗಿಸಿ ಬಂದ ದಾರಿಗೆ ಹಚ್ಚಿದರು. ನಾನು ಉದ್ದಕ್ಕೂ ರಂಗೋಲಿ ಪುಡಿ ಎಳೆದೆ. ಮಹಡಿಯ ಮೇಲಿನ ಚೀನೀ ಅಜ್ಜಿ ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದರು.

ರಂಗೋಲಿ ಗೆರೆಯ ಅಳತೆ ಹಿಡಿದುಕೊಂಡು ಸೋಮವಾರ ಆಫೀಸಿಗೆ ಹೋದವಳು, ಊಟದ ಹೊತ್ತಿನಲ್ಲಿ ನಮ್ಮದೇ ಸಾಫ್ಟ್‌ವೇರಿನಲ್ಲಿ ಗುಡಿಯನ್ನು ಬರೆಯಲು ಕೂತೆ. ಸುತ್ತಿನ ಗೆರೆಯನ್ನು ಹಾಕಿದೆ. ಅದು ಕೆಂಪಗೆ ಮಿನುಗಿ, ಗೋಡೆ ಮುಚ್ಚಿಲ್ಲ ಎಂದಿತು. ಮತ್ತೆ ಹಾಕಿದೆ, ಮತ್ತೆ ಅದೇ ರಾಗ. ಮನೆ ಮಾರುವ ಸಾಫ್ಟ್‌ವೇರಿಗೆ ನಾಲ್ಕೂ ಗೋಡೆ ಕೂಡಲೇಬೇಕು. ಬಾಯಿ ತೆರೆದ ಗೆರೆ ಅದಕ್ಕೆ ಅರ್ಥವಾಗದು. ನಿಜ ಹೇಳಬೇಕೆಂದರೆ ನನಗೂ ಅರ್ಥವಾಗಿರಲಿಲ್ಲ. ಹಾವಿನ ಕಥೆ ಬರೀ ಕಥೆ, ಎಲ್ಲೋ ಒಂದು ಪೊದೆ ಬೆಳೆದು ಹೆಂಗಸರು ಅತ್ತ ಹೋಗುವುದನ್ನು ಬಿಟ್ಟಿರಬೇಕು ಎಂದುಕೊಂಡು ಉತ್ತರದ ಗೆರೆಯನ್ನು ಪೂರ್ವದವರೆಗೂ ಎಳೆದು ಕೂಡಿಸಿಬಿಟ್ಟೆ. ತಕ್ಷಣ ಕೆಂಪು ಹೋಗಿ ಹಸಿರು ಬಂತು. ಗೋಡೆ ಎದ್ದಿತು, ಬಾಗಿಲು ಬಂತು, ಪರದೆಯ ಮೇಲೆ ನಿಜವಾಗಲೂ ಒಂದು ಪುಟ್ಟ ಗುಡಿ ನಿಂತಿತು! ಪಕ್ಕದ ಸಹೋದ್ಯೋಗಿ ಬಗ್ಗಿ ನೋಡಿ, ಈ ಮನೆ ಯಾವ ಏರಿಯಾದಲ್ಲಿ ಮಾರಾಟಕ್ಕಿದೆ, ಬಚ್ಚಲುಮನೆ ಯಾಕಿಲ್ಲ ಎಂದು ಕೇಳಿದ.

ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆದು ತಂದು ಹಾಲಿನ ಕಾರ್ಪೆಟಿನ ಮೇಲೆ ಹಾಸಿದೆ. ಅತ್ತೆ ಕನ್ನಡಕ ಹಾಕಿ ಬಗ್ಗಿ ನೋಡಿದರು. ಮುಚ್ಚಿದ ನಾಲ್ಕನೆಯ ಬದಿಯ ಮೇಲೆ ಬೆರಳಾಡಿಸಿದರು.

"ಹಿಂಗೇ ಇದ್ದಿರಬೌದು. ಅವಳೇ ಸರಿಯೇನೋ" ಎಂದರು.

ಅವರ ದನಿ ಇಳಿದದ್ದು ನನಗೆ ಕೇಳಿಸಿತು. ಆದರೂ ಗುಡಿ ಸಿಕ್ಕಿತಲ್ಲ ಎಂಬ ಖುಷಿಯಲ್ಲಿ ನಾನು ನೆಲದ ಮೇಲೆ ಕಾಲೂರಿರಲಿಲ್ಲ. ನಕ್ಷೆಯ ನಟ್ಟನಡುವೆ ಗುರುತು ಹಾಕಿ, ಅದು ಹುಣಸೆಮರದಿಂದ ಎಷ್ಟು ಹೆಜ್ಜೆ ಎಂದು ಲೆಕ್ಕ ಮಾಡಿ, "ಅಲ್ಲೇ ಅಗೆಸಿ, ಏನಾದರೂ ಸಿಕ್ಕೇ ಸಿಗುತ್ತದೆ" ಎಂದು ಭಾವನಿಗೆ ಫೋನಿನಲ್ಲಿ ಹೇಳಿದೆ. ಭಾವ ಪಂಚಾಯಿತಿಯವರ ಕೈಕಾಲು ಹಿಡಿದು, ಪಾಯದ ಆಳುಗಳಿಂದಲೇ ಒಂದು ಗುಂಡಿ ತೋಡಿಸಲು ಒಪ್ಪಿಸಿದರು. ಆ ವಾರ ನನಗೆ ಆಫೀಸಿನಲ್ಲಿ ಒಂದು ಮೀಟಿಂಗೂ ತಲೆಗೆ ಹತ್ತಲಿಲ್ಲ.

ಗುರುವಾರ ಸಂಜೆ, ಅಂದರೆ ಅವರ ಶುಕ್ರವಾರ ಬೆಳಗ್ಗೆ, ಭಾವ ಫೋನು ಮಾಡಿದರು.

"ಬರೀ ಮಣ್ಣು ಕಣವ್ವ. ಸೊಂಟದ ಮಟ್ಟ ಅಗುದ್ರೂ ಒಂದು ಕಲ್ಲಿನ ಚೂರು ಸಿಕ್ಕಿಲ್ಲ. ಜನ ನಗ್ತಾವ್ರೆ. ಅಮೆರಿಕದ ಕಂಪ್ಯೂಟ್ರು ತೋರ್ಸಿದ ಗುಡಿ ಅಂತ ಹೆಸರಿಟ್ಟವ್ರೆ. ಮುಂದಿನ ವಾರ ಪಾಯ."

ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ನನಗೆ ಆದ ಅವಮಾನ ಹಾಗಿರಲಿ, ಅವರ ಮುಖ ನೋಡಲಾಗಲಿಲ್ಲ. ಎರಡು ದಿನ ಮನೆಯಲ್ಲಿ ಹಾಡಿನ ಸದ್ದೇ ಇರಲಿಲ್ಲ. ಲಾಲಿ ಕೂಡ ಇಲ್ಲ.

ಭಾನುವಾರ ಅವರನ್ನು ಗೆಲುವಾಗಿಸಲೆಂದು ಗುಡ್ಡದಾಚೆಯ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಒಂದೇ ಸೂರಿನಡಿ ಎಲ್ಲ ದೇವರೂ ಇರುವ ಜಾಗ. ಯಾವ ಊರಿನವರು ಬಂದರೂ ತಮ್ಮ ದೇವರನ್ನು ಹುಡುಕಿಕೊಳ್ಳಬಹುದು. ದೇವಿಯ ಮುಂದೆ ಅತ್ತೆ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತರು. ಆಮೇಲೆ ಶಿವನ ಗುಡಿಗೆ ಸುತ್ತು ಹಾಕಲು ಹೊರಟೆವು. ಮುಂದೆ ಒಂದು ತಮಿಳು ಕುಟುಂಬ, ಅವರ ಹಿಂದೆ ಅತ್ತೆ, ಅತ್ತೆಯ ಹಿಂದೆ ನಾನು. ದಕ್ಷಿಣದ ಬದಿ ಆಯಿತು, ಹಿಂಬದಿ ಆಯಿತು. ಉತ್ತರಕ್ಕೆ ತಿರುಗಿ ನಾಲ್ಕು ಹೆಜ್ಜೆ ಇಟ್ಟಿದ್ದೇವೋ ಇಲ್ಲವೋ, ಮುಂದಿನವರೆಲ್ಲ ಗಕ್ಕನೆ ನಿಂತು ನಮ್ಮತ್ತ ತಿರುಗಿಬಿಟ್ಟರು. ಅತ್ತೆ ನಿಂತರು. ನಾನು ಹೋಗಿ ಅವರ ಬೆನ್ನಿಗೆ ಡಿಕ್ಕಿ ಹೊಡೆದೆ.

ಗರ್ಭಗುಡಿಯ ಗೋಡೆಯಿಂದ ಕಲ್ಲಿನ ಬಾಯೊಂದು ಹೊರಚಾಚಿತ್ತು. ಅಭಿಷೇಕದ ಹಾಲು ನೀರು ಅದರಿಂದ ಕೆಳಗಿನ ತೊಟ್ಟಿಗೆ ಸುರಿಯುತ್ತಿತ್ತು.

ಶಿವನ ಅಭಿಷೇಕದ ನೀರು ಹರಿಯುವ ಜಾಗವನ್ನು ದಾಟಬಾರದು, ಅಲ್ಲಿಯವರೆಗೆ ಹೋಗಿ ಹಿಂದಕ್ಕೆ ಬರಬೇಕು. ಮೈಸೂರಿನಲ್ಲಿ ಅಜ್ಜಿಯ ಕೈ ಹಿಡಿದು ನಾನೇ ಎಷ್ಟು ಸಲ ಹಾಗೆ ತಿರುಗಿದ್ದೆನೋ! ಆದರೆ ಗುಡಿಹೊಲದಲ್ಲಿರುವುದು ಅಮ್ಮ ಎಂದು ತಲೆಯಲ್ಲಿ ಕೂತಿದ್ದರಿಂದ ಅದು ನೆನಪಿಗೇ ಬಂದಿರಲಿಲ್ಲ. ಅತ್ತೆಯ ಊರಿನಲ್ಲಿ ಶಿವನ ಗುಡಿಯೇ ಇಲ್ಲ. ಜಾತ್ರೆಗೆಂದು ಶಿವನ ಊರುಗಳಿಗೆ ಹೋದಾಗ ಅವರು ನೂಕುನುಗ್ಗಲಲ್ಲಿ ಎಲ್ಲರ ಜೊತೆ ನಡೆದು ಬಂದವರು, ಅಷ್ಟೆ.

ಅತ್ತೆ ನನ್ನ ಮುಂಗೈಯನ್ನು ನೋವಾಗುವ ಹಾಗೆ ಹಿಡಿದರು.

"ಇದೇ ಕಣವ್ವ. ಇದೇ ಜಾಗ" ಎಂದರು.

"ಅತ್ತೆ, ಹೊಲದಮ್ಮ ಅಲ್ಲ, ಹೊಲದಪ್ಪ!" ಎಂದು ನಾನು ಕೂಗಿಯೇಬಿಟ್ಟೆ. ಭಕ್ತರೆಲ್ಲ ನಮ್ಮನ್ನು ನೋಡಿದರು. ನನಗೆ ನಾಚಿಕೆ ಎಲ್ಲಿತ್ತು? ಅವರು ತಿರುಗುವ ಜಾಗವೇ ನೀರು ಬೀಳುವ ಬಾಯಿ. ನಾನು ನಡುವೆ ಅಗೆಸಿದ್ದು ಬರೀ ಮಂಟಪದ ನೆಲವನ್ನು, ಅದರ ಕಲ್ಲುಗಳು ಎಂದೋ ಕೆರೆಯ ಏರಿ ಸೇರಿದ್ದವು. ಅಗೆಯಬೇಕಾದದ್ದು ಅತ್ತೆ ನಿಲ್ಲುವ ಜಾಗದ ಪಕ್ಕದಲ್ಲಿ. ಕಾರು ತರಲು ನಾನು ಓಡಿದೆ. ವಾಪಸು ಬರುವಾಗ ಫ್ರೀವೇ ಉದ್ದಕ್ಕೂ "ಅತ್ತೆ, ಗೆದ್ದಿರಿ, ನೀವು ಗೆದ್ದಿರಿ" ಎಂದು ಸ್ಟಿಯರಿಂಗು ಗುದ್ದುತ್ತಾ ಬಂದೆ. ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಗೆಲುವನ್ನು ಒಳಗೊಳಗೇ ಸವಿಯುತ್ತಿದ್ದಾರೆ ಎಂದುಕೊಂಡೆ.

ಅತ್ತೆ ತಿರುಗುವುದು ದಾಟಬಾರದ ನೀರಿನ ಬಾಯಿಯ ಹತ್ತಿರ, ಅಲ್ಲಿ ಅಗೆಸಿ ಎಂದು ಫೋನಿನಲ್ಲಿ ವಿವರಿಸಿದರೂ ಭಾವ ಮೊದಲು ಒಪ್ಪಲಿಲ್ಲ. "ಇನ್ನೊಂದ್ ಸಲ ನಗೆಪಾಟಲಾಗಕ್ಕೆ ನನ್ನ ಕೈಲಾಗಕಿಲ್ಲ ಕಣವ್ವ" ಎಂದರು. ಅತ್ತೆ ಫೋನು ಕಸಿದುಕೊಂಡರು.

"ನಿನ್ನ ಹೆಂಡ್ತೀನ ಕರ್ಕೊಂಡೋಗು. ಅವಳ್ನ ಕರ್ಕೊಂಡ್ ಹೋದೋಳು ನಾನೇ, ಅವಳಿಗ್ ಗೊತ್ತು. ಅವಳು ಹಾಡ್ಕೊಂಡು ನಡೀಲಿ. ಎಲ್ಲಿ ತಿರುಗ್ತಾಳೋ ಅಲ್ಲಿ ಅವಳ ಬಲಗೈ ಕಡೆ ಅಗಿ. ಸಿಗ್ದೇ ಇದ್ರೆ ನಾನಿನ್ನು ಆ ಊರಿನ ಮುಖ ನೋಡಕಿಲ್ಲ, ಇಲ್ಲೇ ಇದ್ದುಬುಡ್ತೀನಿ."

ಮಾರನೆಯ ಸಂಜೆ ನಾನು ಆಫೀಸಿನಿಂದ ಬೇಗ ಬಂದೆ. ಅತ್ತೆ ಫೋನಿನ ಪಕ್ಕ ಕೂತು ಸೊಪ್ಪು ಬಿಡಿಸುತ್ತಿದ್ದರು. ಅದೇ ಸೊಪ್ಪನ್ನು ಬಿಡಿಸಿ ಬಿಡಿಸಿ ದಂಟೂ ಉಳಿದಿರಲಿಲ್ಲ. ಫೋನು ಮೊಳಗಿದ್ದೇ ತಡ, ನಾನು ಸ್ಪೀಕರಿನ ಗುಂಡಿ ಒತ್ತಿದೆ.

"ಅವ್ವೋ!" ಭಾವನ ಕೂಗಿಗೆ ಮಗು ಬೆಚ್ಚಿತು. "ಸಿಕ್ತು ಕಣವ್ವೋ! ಮೊಸಳೆ ಬಾಯಿ ಥರ ಅದೆ, ನೀರು ಹರಿಯೋ ಕಲ್ಲಿನ ದೋಣಿ. ಉತ್ತರಕ್ಕೆ ಮುಖ. ಹಿಂದಕ್ಕೆ ಗೋಡೆಯ ಅಡಿಗಲ್ಲು ಹಂಗೇ ಕುಂತದೆ. ಮಣ್ಣು ತೊಳೆಯನಾ ಅಂತ ಒಂದ್ ಬಿಂದಿಗೆ ನೀರು ಹಾಕುದ್ರೆ, ಬಾಯಿಂದ ಸುರೀತು ಕಣವ್ವ! ಊರೇ ಬಂದು ನಿಂತದೆ!"

ಪಂಚಾಯಿತಿಯವರು ಅಲ್ಲೇ ನಿಂತು ಭವನವನ್ನು ಬಯಲಿನ ಆಚೆ ತುದಿಗೆ ಸರಿಸಲು ಒಪ್ಪಿದರಂತೆ. ನಾನು ಕಿರುಚಿದೆ. ನನ್ನ ಗಂಡ ಮಗುವನ್ನು ಎತ್ತಿ ಗಾಳಿಗೆ ತೂರಿ ಹಿಡಿದರು. ನಾಲ್ಕೈದು ತಲೆಮಾರಿನಿಂದ ಯಾರೂ ಕಂಡಿರದ ಆ ಗೋಡೆಯನ್ನು ಈ ಹೆಂಗಸರು ಒಂದು ಹಾಡಿನಲ್ಲಿ ಕಾಪಾಡಿಕೊಂಡು ಬಂದಿದ್ದರಲ್ಲ! ನನ್ನ ಕಣ್ಣಲ್ಲಿ ನೀರು ಬಂತು.

ಅತ್ತೆ ಮಾತ್ರ ನಿಧಾನವಾಗಿ, "ನಿಮ್ಮ ಚಿಕ್ಕವ್ವ ಅವಳಾ ಅಲ್ಲಿ? ಕರಿ" ಎಂದರು.

ಆಹಾ, ಈಗ ಇದೆ ಹಬ್ಬ ಎಂದುಕೊಂಡು ನಾನು ಫೋನಿಗೆ ಇನ್ನೂ ಹತ್ತಿರ ಸರಿದೆ. ಬೀದಿಯಲ್ಲಿ ಶಾಪ ಹಾಕಿದ ಬಾಯಿಗೆ ಅತ್ತೆ ಏನು ಕೊಡುತ್ತಾರೆ ಎಂದು ಕೇಳುವ ಆಸೆ ನನಗೆ. ಚಿಕ್ಕತ್ತೆ ಬರಲು ಸ್ವಲ್ಪ ಹೊತ್ತಾಯಿತು.

"ಅಕ್ಕಾ..."

"ಹೇಳವ್ವ."

"ನಾನು ದಾಟ್‌ಬುಟ್ಟಿವ್ನಿ ಅಕ್ಕ. ನೀನು ಹೋದ್ಮೇಲೆ ಬಂದ ಹೆಣ್ಮಕ್ಕಳ್ನೆಲ್ಲ ಅದರ ಮೇಲೇ ದಾಟಿಸ್‌ಬುಟ್ಟಿವ್ನಿ. ನನ್ ಸೊಸೇನೂ ಇನ್ನೊಂದು ದಪ ಕರ್ಕೊಂಡೋಗಿ ಪೂರ್ತಿ ಸುತ್ತಿಸ್ದೆ. ಈಗವಳು ಬಸಿರಿ ಅಕ್ಕ. ಈಗ ಏನ್ ಗತಿ?"

ಆ ಕಡೆ ಅಳು ಶುರುವಾಯಿತು. ಅತ್ತೆ ಒಂದು ಕ್ಷಣವೂ ತಡೆಯಲಿಲ್ಲ.

"ಅಳಬ್ಯಾಡ, ಕೇಳಿಲ್ಲಿ. ಅದರ ಮೇಲೆ ಮಣ್ಣಿತ್ತು ತಾನೆ? ಮುಚ್ಚಿರೋದ್ನ ದಾಟುದ್ರೆ ದೋಷ ಇಲ್ಲ ಕಣೆ. ಒಂದು ಎಲೆ ಮುಚ್ಚಿದ್ರೂ ಸಾಕು, ದಾಟಬೌದು. ನಿಂಗೂ ದೋಷ ಇಲ್ಲ, ಆ ಹೆಣ್ಮಕ್ಕಳ್ಗೂ ಇಲ್ಲ. ನಿನ್ ಸೊಸೆ ಚೆಂದಾಗಿ ಹೆರ್ತಾಳೆ. ಹೋಗಿ ಮುಖ ತೊಳ್ಕೊಂಡು ಅವಳಿಗೆ ಏನಾರ ತಿನ್ನಕ್ ಇಕ್ಕು. ಹೆದರ್ಕೊಂಡಿರ್ತದೆ ಕೂಸು."

ಫೋನಿಟ್ಟ ಮೇಲೆ ನಾನು ಅತ್ತೆಯ ಮುಖವನ್ನೇ ನೋಡಿದೆ. ಚಿಕ್ಕತ್ತೆಯ ಸಮಾಧಾನಕ್ಕೆ ಆ ಗಳಿಗೆಯಲ್ಲಿ ಹುಟ್ಟಿಸಿಕೊಂಡ ಮಾತೇ ಎಂದು ಅನುಮಾನ.

"ಅತ್ತೆ, ಅದು ನಿಜಾನಾ? ಮುಚ್ಚಿದ್ರೆ ದೋಷ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?"

"ಆ ದೇವಸ್ಥಾನದ ಅಯ್ನೋರು" ಎಂದರು ಅತ್ತೆ, ಸೊಪ್ಪಿನ ತಟ್ಟೆ ಎತ್ತಿಕೊಂಡು ಏಳುತ್ತಾ. "ನೀನು ಕಾರು ತರಕ್ ಹೋಗಿದ್ಯಲ್ಲ, ಆಗ ಕೇಳ್ದೆ. ಗೊತ್ತಿಲ್ದೆ ದಾಟಿದೋರ್ಗೆ ಏನಾಯ್ತದೆ ಸ್ವಾಮಿ, ಅಂತ."